ಹುಳ ಸಾಕು, ಸೊಪ್ಪು ಹಾಕಿ ಸ್ವಾಮಿ

ದಾವಣಗೆರೆಯಲ್ಲೂ ಈಗ ಬಿಯರ್ಡೆಡ್ ಡ್ರ್ಯಾಗನ್ ಅನ್ನುವ ಆಸ್ಟ್ರೇಲಿಯಾ ಮೂಲದ ಹಲ್ಲಿ ಸಾಕುವವರು ಸಿಗುತ್ತಾರೆ. ನಮ್ಮ ಮನೆಯಲ್ಲೂ ಒಂದಿದೆ. ಬಂದವರೆಲ್ಲ ಓತಿಕ್ಯಾತ ಅಂತಾರೆ, ಅನ್ನಲಿ ಬಿಡಿ, ಎರಡೂ ಒಂದೇ ಕುಟುಂಬದವು. ಆದರೆ ಇದನ್ನು ಸಾಕುವವರ ರೀಲ್ಸ್ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಎಲ್ಲದರಲ್ಲೂ ಒಂದೇ ಕಥೆ: ಮುಂದೆ ಹುಳ ಬಿಡುವುದು, ಅದು ಓಡಿಬಂದು ಗಬಕ್ಕನೆ ನುಂಗುವುದು, ಹಿಂದೆ ಒಂದು ಹಾಡು. ಸೊಪ್ಪು ತಿನ್ನುವ ವಿಡಿಯೋ ಹಾಕುವವರು ಎಷ್ಟು ಜನ ಹೇಳಿ? ಅದು ನೋಡೋಕೆ ಬೋರು, ಅಲ್ವಾ? ನಮ್ಮ ಮಜಾಕ್ಕೆ ಅದಕ್ಕೆ ದಿನಾ ಹುಳ.

ಮರಿ ಇದ್ದಾಗ ಹುಳ ಜಾಸ್ತಿ ಬೇಕು, ಅದು ನಿಜ. ಬೆಳೆಯುವ ವಯಸ್ಸು, ಮುಕ್ಕಾಲು ಪಾಲು ಹುಳವೇ ಇರಲಿ. ಆದರೆ ಒಂದು, ಒಂದೂವರೆ ವರ್ಷಕ್ಕೆ ಅದು ಪೂರ್ತಿ ಬೆಳೆದ ಮೇಲೆ ಲೆಕ್ಕ ತಿರುಗಬೇಕು. ಮುಕ್ಕಾಲು ಸೊಪ್ಪು ತರಕಾರಿ, ಉಳಿದದ್ದು ಹುಳ, ಅದೂ ವಾರಕ್ಕೆ ಎರಡು ಮೂರು ಸಲ. ಹೀಗೆ ಬದಲಾಯಿಸದೆ ಮೀಲ್‌ವರ್ಮ್, ಸೂಪರ್‌ವರ್ಮ್ ಅನ್ನುವ ಕೊಬ್ಬು ಜಾಸ್ತಿ ಇರುವ ಹುಳ ಸುರಿಯುತ್ತಾ ಹೋದರೆ ಕೊಬ್ಬು ತುಂಬಿ ಲಿವರ್ ಹಾಳಾಗುತ್ತದೆ. ಹೊರಗಿನಿಂದ ನೋಡಿದವರು ಮಾತ್ರ "ಎಷ್ಟು ಚೆನ್ನಾಗಿ ದಪ್ಪಗಾಗಿದೆ" ಅನ್ನುತ್ತಾರೆ.

ಇನ್ನು ಸೊಪ್ಪು ಅಂದ ಕೂಡಲೇ ಪಾಲಕ್ ತರುತ್ತಾರೆ. ದಿನಾ ಪಾಲಕ್ ಬೇಡ. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. ದಂಟು, ಬೀಟ್‌ರೂಟ್ ಸೊಪ್ಪಿನದ್ದೂ ಇದೇ ಕಥೆ. ನಮ್ಮ ಕಡೆ ಮನೆ ಮುಂದೆಯೇ ನುಗ್ಗೆ ಮರ ಇರುತ್ತದೆ, ಅದರ ಎಳೆ ಸೊಪ್ಪು ಕೊಡಿ. ದಾಸವಾಳದ ಎಲೆ ಕೊಡಿ, ಹೂವನ್ನಂತೂ ನಮ್ಮದು ಪೂಜೆ ಬುಟ್ಟಿಗೇ ಬಾಯಿ ಹಾಕಿ ತಿನ್ನುತ್ತದೆ, ಅಮ್ಮನಿಗೆ ಅದೊಂದೇ ಜಗಳ. ಸಾಸಿವೆ ಸೊಪ್ಪು, ಸಣ್ಣಗೆ ಹೆಚ್ಚಿದ ಕುಂಬಳಕಾಯಿ, ಬೆಂಡೆಕಾಯಿ, ಇವೆಲ್ಲ ಬದಲಿಸಿ ಬದಲಿಸಿ ಹಾಕಿ. ಹಣ್ಣು ಅಪರೂಪಕ್ಕೆ ಒಂದು ಚೂರು. ಬೆಣ್ಣೆಹಣ್ಣು ಮಾತ್ರ ಬೇಡವೇ ಬೇಡ, ಅದು ವಿಷ. ಮಿಂಚುಹುಳವೂ ಅಷ್ಟೇ, ಒಂದೇ ಒಂದು ತಿಂದರೂ ಜೀವ ಹೋಗಬಹುದು.

ಕ್ಯಾಲ್ಸಿಯಂ ಬಗ್ಗೆ ಇಷ್ಟು ಬಡಿದುಕೊಳ್ಳುವುದಕ್ಕೆ ಕಾರಣ ಇದೆ. ಊಟದಲ್ಲಿ ರಂಜಕ (ಫಾಸ್ಫರಸ್) ಒಂದು ಪಾಲಿದ್ದರೆ ಕ್ಯಾಲ್ಸಿಯಂ ಹತ್ತಿರ ಹತ್ತಿರ ಎರಡು ಪಾಲಿರಬೇಕು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಹುಳಗಳಲ್ಲಿ ಇದು ಉಲ್ಟಾ. ಅದಕ್ಕೇ ಹುಳದ ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಿ ಕೊಡುವುದು, ಕೊಡುವ ಮೊದಲು ಹುಳಕ್ಕೂ ಒಳ್ಳೆ ಸೊಪ್ಪು, ಕ್ಯಾರೆಟ್ ತಿನ್ನಿಸುವುದು. ಇಷ್ಟಾದರೂ ಯುವಿಬಿ, ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಬೆಳಕು, ಇಲ್ಲದಿದ್ದರೆ ಎಲ್ಲ ದಂಡ, ಯಾಕಂದ್ರೆ ಆ ಬೆಳಕಿನಲ್ಲೇ ಅದರ ಚರ್ಮ ವಿಟಮಿನ್ ಡಿ3 ಮಾಡಿಕೊಳ್ಳುವುದು, ಅದು ಇಲ್ಲದೆ ಕ್ಯಾಲ್ಸಿಯಂ ಮೂಳೆಗೆ ಹೋಗುವುದಿಲ್ಲ. ಕಾಲು ನಡುಗುವುದು, ದವಡೆ ರಬ್ಬರಿನ ಹಾಗೆ ಮೆತ್ತಗಾಗುವುದು, ಬೆನ್ನು ಡೊಂಕಾಗುವುದು, ಎಲ್ಲ ಇದರಿಂದಲೇ. "ನಮ್ಮ ಊರಲ್ಲಿ ಬಿಸಿಲಿಗೇನು ಬರ, ಕಿಟಕಿ ಹತ್ತಿರ ಇಟ್ಟಿದ್ದೀನಿ" ಅನ್ನುವವರಿಗೆ ಒಂದು ಮಾತು: ಕಿಟಕಿಯ ಗಾಜು ಯುವಿಬಿಯನ್ನು ತಡೆದುಬಿಡುತ್ತದೆ. ಹಾಗಂತ ಗಾಜಿನ ಟ್ಯಾಂಕ್ ಎತ್ತಿಕೊಂಡು ಹೋಗಿ ಬಿಸಿಲಲ್ಲಿ ಇಡಬೇಡಿ, ಒಳಗೇ ಬೆಂದುಹೋಗುತ್ತದೆ. ಜಾಲರಿ ಗೂಡು, ಬೆಳಗಿನ ಬಿಸಿಲು, ಅರ್ಧ ನೆರಳು, ಪಕ್ಕದಲ್ಲಿ ನೀವು. ಮನೆಯೊಳಗೆ ಯುವಿಬಿ ಟ್ಯೂಬ್ ಬೇಕೇ ಬೇಕು. ಜೊತೆಗೆ ಮೈ ಕಾಯಿಸುವ ಜಾಗ 40 ಡಿಗ್ರಿ ಆಸುಪಾಸು ಇರಬೇಕು, ಇಲ್ಲದಿದ್ದರೆ ತಿಂದದ್ದು ಅರಗುವುದಿಲ್ಲ.

ಹುಳ ದುಬಾರಿ, ಒಪ್ಪಿಕೊಳ್ಳುತ್ತೇನೆ. ಅದಕ್ಕೆ ಕೆಲವರು ಹೊಲಕ್ಕೆ ಹೋಗಿ ಮಿಡತೆ ಹಿಡಿದು ತರುತ್ತಾರೆ. ಯಾವ ಹೊಲ? ಸುತ್ತ ಎಲ್ಲಿ ನೋಡಿದರೂ ಮೆಕ್ಕೆಜೋಳ. 2018ರಲ್ಲಿ ಬೆಳೆ ತಿನ್ನುವ ಫಾಲ್ ಸೈನಿಕ ಹುಳು ಬಂದ ಮೇಲೆ ಮೆಕ್ಕೆಜೋಳಕ್ಕೆ ಔಷಧಿ ಹೊಡೆಯದೆ ಬಿಡುವವರು ಕಡಿಮೆ. ಆ ಮಿಡತೆ ತಿನ್ನಿಸುವುದೂ ಒಂದೇ, ಔಷಧಿ ಕುಡಿಸುವುದೂ ಒಂದೇ. ಅದಕ್ಕಿಂತ ರೇಷ್ಮೆ ಹುಳ ನೋಡಿ. ಮೆತ್ತಗಿರುತ್ತದೆ, ಕೊಬ್ಬು ಕಡಿಮೆ, ಸುಲಭವಾಗಿ ಅರಗುತ್ತದೆ. ಬೇರೆ ದೇಶದಲ್ಲಿ ಇದನ್ನು ಡಬ್ಬಿಯಲ್ಲಿಟ್ಟು ಮಾರುತ್ತಾರೆ, ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲಿ ತಟ್ಟೆಗಟ್ಟಲೆ ಸಾಕುತ್ತಾರೆ! ಹುಳದ ಮೇಲೆ ಸೋಂಕು ತಡೆಯುವ ಪುಡಿ ಹಾಕಿದ್ದಾರಾ ಅಂತ ಮಾತ್ರ ಮೊದಲೇ ಕೇಳಿ, ಹಾಕಿದ್ದರೆ ಬೇಡ. ಗಾತ್ರವೂ ನೋಡಿ: ಪ್ರಾಣಿಯ ಎರಡು ಕಣ್ಣಿನ ನಡುವೆ ಇರುವ ಜಾಗಕ್ಕಿಂತ ಹುಳ ದೊಡ್ಡದಿರಬಾರದು.

ಮನೆಗೆ ಬಂದವರು ಪ್ರೀತಿಯಿಂದ ಮಂಡಕ್ಕಿ ಹಾಕುತ್ತಾರಲ್ಲ, ಅವರನ್ನು ತಡೆಯುವುದೇ ಒಂದು ಕೆಲಸ. "ಅಯ್ಯೋ ಒಂದು ಕಾಳು ತಿನ್ನಲಿ ಬಿಡೋ" ಅಂತ ನಮ್ಮ ದೊಡ್ಡಪ್ಪ. ಅವರಿಗೆ ಈಗ ಒಂದು ದಾಸವಾಳ ಕೈಗೆ ಕೊಟ್ಟುಬಿಡುತ್ತೇನೆ, ತಿನ್ನಿಸಿ ಖುಷಿ ಪಡುತ್ತಾರೆ.

ಹಿಪ್ಪುನೇರಳೆ ಸೊಪ್ಪೂ ಇದಕ್ಕೆ ಒಳ್ಳೆಯದು. ದಾವಣಗೆರೆ ಸುತ್ತ ಔಷಧಿ ಹೊಡೆಯದ ತೋಟ ಯಾರದ್ದಾದರೂ ಇದ್ದರೆ ಕಾಮೆಂಟಲ್ಲಿ ತಿಳಿಸಿ, ವಾರಕ್ಕೊಂದು ಕಟ್ಟು ಸಾಕು, ನಾನೇ ಬಂದು ಒಯ್ಯುತ್ತೇನೆ.