ಐಕ್ಯಕ್ಕೆ ಎರಡು ಬೀಗ

ಸಭೆಯ ಐಕ್ಯವನ್ನು ಕಾಪಾಡಬೇಕೆಂದು ಮೇಲಿನಿಂದ ಬಂದ ಸುತ್ತೋಲೆಯನ್ನು ಕಳೆದ ಭಾನುವಾರ ಬಳ್ಳಾರಿಯ ನಮ್ಮ ಪುಟ್ಟ ಲೂಥರನ್ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಎರಡು ಸಲ ಓದಲಾಯಿತು. ಒಮ್ಮೆ ಕಾರ್ಯದರ್ಶಿಗಳು ಓದಿದರು. ಅವರನ್ನು ಕಾರ್ಯದರ್ಶಿಗಳೆಂದು ಒಪ್ಪದವರ ಕಾರ್ಯದರ್ಶಿಗಳು ಮತ್ತೊಮ್ಮೆ ಓದಿದರು. ಒಕ್ಕಣೆ ಒಂದೇ, ಕೆಮ್ಮಿದ ಜಾಗವೂ ಒಂದೇ. ಇದಕ್ಕಿಂತ ಹೆಚ್ಚಿನ ಒಗ್ಗಟ್ಟನ್ನು ಬೇಸಿಗೆಯ ಬಳ್ಳಾರಿಯಲ್ಲಿ ಯಾರೂ ನಿರೀಕ್ಷಿಸಬಾರದು.

ಸುತ್ತೋಲೆಯಲ್ಲಿ ಏನಿತ್ತೆಂಬುದು ನಿಮಗೆಲ್ಲ ತಿಳಿದೇ ಇದೆ. ಭಿನ್ನಾಭಿಪ್ರಾಯಗಳನ್ನು ಪ್ರೀತಿಯಿಂದ ತಾಳಿಕೊಳ್ಳಬೇಕು, ಹೊರಗಿನವರ ಮುಂದೆ ಬಾಯಿ ಬಿಡಬಾರದು, ಒಂದು ಸಮಿತಿ ಮಾಡಿಕೊಳ್ಳಬೇಕು. ಭಿನ್ನಾಭಿಪ್ರಾಯ ಯಾವುದರ ಬಗ್ಗೆ ಎಂಬುದನ್ನು ಮಾತ್ರ ಅದರಲ್ಲಿ ಬರೆದಿಲ್ಲ, ಏಕೆಂದರೆ ಬರೆದರೆ ಐಕ್ಯ ಕೆಡುತ್ತದೆ.

ನಮ್ಮ ಮೂಲಪುರುಷರಿಗೆ ಈ ಜಾಣತನ ಇರಲಿಲ್ಲ. 1529ರ ಅಕ್ಟೋಬರಿನಲ್ಲಿ ಜರ್ಮನಿಯ ಹೆಸ್ಸೆಯ ದೊರೆ ಫಿಲಿಪ್, ಕ್ಯಾಥೊಲಿಕ್ ಚಕ್ರವರ್ತಿಯ ಎದುರು ಪೋಪರಿಂದ ಬೇರೆಯಾದ ಸುಧಾರಕರೆಲ್ಲ ಒಟ್ಟಾಗಿ ನಿಲ್ಲಲೆಂದು, ನಮ್ಮ ಪಂಥಕ್ಕೆ ಹೆಸರು ಕೊಟ್ಟ ಮಾರ್ಟಿನ್ ಲೂಥರರನ್ನೂ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಸುಧಾರಕ ಜ್ವಿಂಗ್ಲಿಯವರನ್ನೂ ಮಾರ್ಬುರ್ಗ್ ಕೋಟೆಗೆ ಕರೆಸಿದ. ಲೂಥರರು ಮಾತು ಶುರುವಾಗುವ ಮೊದಲೇ ಮೇಜಿನ ಮೇಲೆ ಸೀಮೆಸುಣ್ಣದಿಂದ ‘ಇದು ನನ್ನ ದೇಹ’ ಎಂಬ ಕ್ರಿಸ್ತನ ಮಾತನ್ನು ಲ್ಯಾಟಿನ್ನಿನಲ್ಲಿ ಬರೆದು, ಮೇಲೆ ಬಟ್ಟೆ ಹೊದಿಸಿ, ವಾದ ಬಿಸಿಯೇರಿದಾಗ ಬಟ್ಟೆ ಸರಿಸಿ ತೋರಿಸಿದರಂತೆ. 15 ಕಲಮುಗಳಲ್ಲಿ 14ಕ್ಕೆ ಇಬ್ಬರೂ ಒಪ್ಪಿದರು. ಆರಾಧನೆಯಲ್ಲಿ ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಕುರಿತಾದ ಕೊನೆಯ ಕಲಮಿನಲ್ಲಿ, ರೊಟ್ಟಿ ದ್ರಾಕ್ಷಾರಸಗಳಲ್ಲಿ ಕ್ರಿಸ್ತನ ದೇಹ ರಕ್ತಗಳು ನಿಜವಾಗಿ ಇವೆಯೇ ಎಂಬ ಒಂದು ಮಾತಿಗೆ ತಪ್ಪಿದ ಹೊಂದಾಣಿಕೆ ಮತ್ತೆ ಕೂಡಿಬರಲಿಲ್ಲ. ಹಟವೆನ್ನಿ, ಮೊಂಡುತನವೆನ್ನಿ, ಆದರೆ ಯಾವುದಕ್ಕಾಗಿ ಜಗಳ ಎಂಬುದು ಮೇಜಿನ ಮೇಲೆ ಅಕ್ಷರದಲ್ಲಿತ್ತು. ಈಗಿನ ನಮ್ಮ ಸಮಿತಿಗಳಿಗೆ ಸೀಮೆಸುಣ್ಣ ಬೇಡ, ಬಟ್ಟೆ ಸಾಕು.

ಐಕ್ಯ ಎಂಬ ಪದದ ಮೇಲೆ ಲೂಥರನ್ನರಿಗಿರುವ ಮಮತೆ ಸಾಮಾನ್ಯವಾದುದಲ್ಲ. 1580ರ ಜೂನ್ 25ರಂದು ಹೊರಬಂದ ನಮ್ಮ ವಿಶ್ವಾಸಪ್ರಮಾಣಗಳ ಸಂಗ್ರಹಕ್ಕೆ ‘ಐಕ್ಯದ ಗ್ರಂಥ’ವೆಂದೇ ಹೆಸರು, ಅದಕ್ಕೆ 8,000ಕ್ಕೂ ಹೆಚ್ಚು ಬೋಧಕರ ರುಜುವಿತ್ತು. ಸ್ವತಃ ಲೂಥರನ್ನನೇ ಆಗಿದ್ದ ಡೆನ್ಮಾರ್ಕಿನ ದೊರೆ ಎರಡನೆಯ ಫ್ರೆಡ್ರಿಕ್ ತನ್ನ ಕೈಗೆ ಬಂದ ಐಕ್ಯವನ್ನು ಬೆಂಕಿಗೆ ಹಾಕಿದ. ಇನ್ನು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕಾಂಕೋರ್ಡಿಯಾ, ಅಂದರೆ ಐಕ್ಯ ಎಂಬ ಹೆಸರನ್ನೇ ಹೊತ್ತ, ಬೋಧಕರನ್ನು ತಯಾರು ಮಾಡುವ ಸೆಮಿನರಿಯಿಂದ 1974ರಲ್ಲಿ ಬಹುಪಾಲು ಅಧ್ಯಾಪಕರೂ ವಿದ್ಯಾರ್ಥಿಗಳೂ ಎದ್ದುಹೋಗಿ ಬೇರೆ ಸೆಮಿನರಿ ತೆರೆದರು. ನಮ್ಮ ವಿಶ್ವಾಸವನ್ನು ಸಾರುವ 1530ರ ಔಗ್ಸ್‌ಬುರ್ಗ್ ಪ್ರಮಾಣದ 7ನೆಯ ಕಲಮು ಸುವಾರ್ತೆಯ ಬೋಧನೆಯಲ್ಲೂ ಕರ್ತನ ಭೋಜನದಂಥ ಸಂಸ್ಕಾರಗಳಲ್ಲೂ ಒಮ್ಮತವಿದ್ದರೆ ಸಭೆಯ ಐಕ್ಯಕ್ಕೆ ಅಷ್ಟು ಸಾಕು, ಮನುಷ್ಯರು ಮಾಡಿದ ಆಚರಣೆಗಳು ಎಲ್ಲ ಕಡೆ ಒಂದೇ ಇರಬೇಕಾಗಿಲ್ಲ ಎನ್ನುತ್ತದೆ. ‘ಸಾಕು’ ಅಂದರೆ ಎಷ್ಟು ಎಂಬುದನ್ನು ನಾವು ಇನ್ನೂ ಅಳೆಯುತ್ತಲೇ ಇದ್ದೇವೆ.

ನಮ್ಮೂರಿನ ಮಟ್ಟಿಗೆ ಹೇಳುವುದಾದರೆ, 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಬೈಬಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್ ಅವರ ಲಂಡನ್ ಮಿಷನ್ನಿನವರು 1947ರಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು ಮೊದಲಾದ ಬೇರೆ ಪಂಥದವರ ಜೊತೆ ಸೇರಿ ದಕ್ಷಿಣ ಇಂಡಿಯಾ ಸಭೆ, ಅಂದರೆ ಸಿಎಸ್‌ಐ, ಆದರು. ಲೂಥರನ್ನರು ಮಾತುಕತೆ ನಡೆಸಿದರು, ಸೇರಲಿಲ್ಲ. ಸಿದ್ಧಾಂತದ ಶುದ್ಧಿ ಕೆಡಬಾರದಲ್ಲವೇ? ಆ ಶುದ್ಧಿಯನ್ನು ಕಾಯ್ದುಕೊಂಡ ನಮ್ಮ ವೆಸ್ಟ್ರಿಯ, ಅಂದರೆ ಆರಾಧನೆಯ ಸಾಮಾನಿಡುವ ಕೋಣೆಯ, ಬೀರುವಿಗೆ ಈಗ ಎರಡು ಬೀಗಗಳಿವೆ. ಒಂದು ಹಳೆಯ ಹಿತ್ತಾಳೆಯದು, ಇನ್ನೊಂದು ಅಂಗಡಿಯ ಚೀಟಿಯನ್ನೂ ಕಿತ್ತಿರದ ಹೊಸದು. ಒಳಗೆ ಕರ್ತನ ಭೋಜನದ ಬಟ್ಟಲು ಮತ್ತು ತಟ್ಟೆ. ಒಂದು ಕೀಲಿಕೈ ಈ ಬಣದ ಖಜಾಂಚಿಯ ಜೇಬಿನಲ್ಲಿ, ಇನ್ನೊಂದು ಆ ಬಣದ ಖಜಾಂಚಿಯ ಜೇಬಿನಲ್ಲಿ. ಎರಡನೆಯ ಜೇಬು ಆ ಭಾನುವಾರ ಮದುವೆಗೆಂದು ಸಿರುಗುಪ್ಪಕ್ಕೆ ಹೋಗಿತ್ತು.

ಕುರುಗೋಡಿನಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಅಜ್ಜಿಯೊಬ್ಬರು ಸೆರಗು ಹೊದ್ದು ಬಲಿಪೀಠದ ಕಟಕಟೆಯ ಮುಂದೆ ಮೊಣಕಾಲೂರಿದ್ದರು. ಫ್ಯಾನು ತಿರುಗುತ್ತಿತ್ತು, ಬೋಧಕರಾದ ಅಯ್ಯನವರು ಗಡಿಯಾರ ನೋಡುತ್ತಿದ್ದರು, ಹಿರಿಯರಿಬ್ಬರು ಹೊರಗೆ ಫೋನಿನಲ್ಲಿ ಕೂಗಾಡುತ್ತಿದ್ದರು. ಅರ್ಧ ಗಂಟೆಯ ಮೇಲೆ, ಈ ದಿನ ಸಂಸ್ಕಾರ ಇರುವುದಿಲ್ಲವೆಂದು ತಿಳಿಸಿ ಆಶೀರ್ವಚನ ಹೇಳಲಾಯಿತು. ಅಜ್ಜಿ ಏಳುವುದಕ್ಕೆ ಕಟಕಟೆ ಹಿಡಿದು ಎರಡು ಸಲ ಪ್ರಯತ್ನಿಸಿದರು.

ಇಷ್ಟು ಹೊತ್ತು ನಗೆಯಾಡಿದ ನನಗೆ ಇಲ್ಲಿ ನಗು ಬರುತ್ತಿಲ್ಲ. ಸುತ್ತೋಲೆ ಬರೆಯದ್ದನ್ನು ನಾನು ಬರೆಯುತ್ತೇನೆ: ನಮ್ಮ ಜಗಳ ರೊಟ್ಟಿಯದೂ ಅಲ್ಲ, ದ್ರಾಕ್ಷಾರಸದ್ದೂ ಅಲ್ಲ, ಕಾಂಪೌಂಡಿನ ಮೂರು ಅಂಗಡಿಗಳ ಬಾಡಿಗೆಯದು. ಬೀಗ ಹಾಕಿದ ಇಬ್ಬರಿಗೂ 7ನೆಯ ಕಲಮು ಗೊತ್ತಿಲ್ಲ, ಬಾಡಿಗೆ ಕರಾರಿನ ಪ್ರತಿಯೊಂದು ಕಲಮೂ ಬಾಯಿಪಾಠ. ಇದನ್ನು ಭಿನ್ನಾಭಿಪ್ರಾಯವೆಂದು ಕರೆಯುವುದೇ ನಾಚಿಕೆಗೇಡು.

ಐಕ್ಯ ಸಮಿತಿಗೆ ಬಣಕ್ಕೆ ಮೂವರಂತೆ ಆರು ಜನರ ಹೆಸರುಗಳು ಅದೇ ಸಂಜೆ ತೀರ್ಮಾನವಾದವು. ಸಂಚಾಲಕರು ಯಾರೆಂಬುದು ಉಳಿದಿದೆ. ಅಜ್ಜಿಯನ್ನು ಬಸ್ಸು ಹತ್ತಿಸಲು ನಾನೇ ಹೋಗಿದ್ದೆ. ಕಿಟಕಿಯ ಬಳಿ ಕುಳಿತು ಅವರು ಹೇಳಿದರು: “ಬಸ್ಸೇನೋ ಪುಗಸಟ್ಟೆ ಐತಪ್ಪಾ, ಮೊಣಕಾಲು ಪುಗಸಟ್ಟೆ ಅಲ್ಲ. ಮುಂದಿನ ಸಲ ಬೀಗ ತೆಗೆಯೋದಿದ್ರೆ ಮೊದಲೇ ಒಂದು ಫೋನ್ ಮಾಡು.”