ಸಂಬಳ ತಿಂಗಳಿಗೊಮ್ಮೆ, ಖರ್ಚು ಯಾವಾಗ ಬೇಕಾದರೂ

ಮನೆ ಖರ್ಚಿನ ಲೆಕ್ಕ ಬರೆಯಲು ಕೂತರೆ ಎಲ್ಲರೂ ಮೊದಲು ಬರೆಯುವುದು ಬಾಡಿಗೆ, ದಿನಸಿ, ಹಾಲು, ಕರೆಂಟು, ಫೋನು. ಕೂಡಿ ಕಳೆದು ನೋಡಿದರೆ ಸಂಬಳದಲ್ಲಿ ಇಷ್ಟು ಉಳಿಯಬೇಕು ಅಂತ ಬರುತ್ತದೆ. ಉಳಿಯುವುದಿಲ್ಲ. ಯಾಕೆಂದರೆ ಕೈ ಕಚ್ಚುವುದು ಈ ತಿಂಗಳ ಬಾಬತ್ತುಗಳಲ್ಲ. ಮೂರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ, ಇಲ್ಲವೇ ಹೇಳದೆ ಕೇಳದೆ ಬಂದು ನಿಲ್ಲುವ ಖರ್ಚುಗಳು. ಬೆಂಗಳೂರಿನಲ್ಲಿ ಸಂಸಾರ ಹೂಡಿ, ಈಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಅದೇ ಸಂಸಾರ ತೂಗಿಸುತ್ತಿರುವ ನನಗೆ ಅನಿಸುವುದು ಇಷ್ಟು: ಎರಡೂ ಕಡೆ ಇಂಥ ಖರ್ಚಿಗೆ ಬರಗಾಲವಿಲ್ಲ. ವ್ಯತ್ಯಾಸ ಇರುವುದು ದುಡ್ಡನ್ನು ಯಾವಾಗ ಕೇಳುತ್ತಾರೆ, ಇಸಿದುಕೊಂಡ ಮೇಲೆ ಲೆಕ್ಕ ಒಪ್ಪಿಸುತ್ತಾರೋ ಇಲ್ಲವೋ ಎಂಬುದರಲ್ಲಿ.

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು, ಬಾಡಿಗೆಗಿಂತ ಹೆದರಿಸುವುದು ಅಡ್ವಾನ್ಸು. ಹತ್ತು ತಿಂಗಳ ಬಾಡಿಗೆ ಕೇಳುವುದು ಬಹುಕಾಲ ನಡೆದುಬಂದ ರೂಢಿ; ಈಗ ಐದಾರು ತಿಂಗಳಿಗೆ ಒಪ್ಪುವ ಮಾಲೀಕರೂ ಇದ್ದಾರೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಇರಬಾರದು ಎನ್ನುತ್ತದೆ. ಅದು ರಾಜ್ಯಗಳ ಮುಂದಿಟ್ಟ ಮಾದರಿ ಮಾತ್ರ. ಗಲ್ಲಿಯ ಟು-ಲೆಟ್ ಬೋರ್ಡಿಗೆ ಅದರ ಸುದ್ದಿ ಮುಟ್ಟಿದ ಹಾಗಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಷ್ಟು ಇಡುಗಂಟು ಯಾರ ಹತ್ತಿರ ಇರುತ್ತದೆ? ಅಪ್ಪನ ಎಫ್‌ಡಿ ಮುರಿಯಬೇಕು, ಇಲ್ಲ ಅಮ್ಮನ ಬಳೆ ಬ್ಯಾಂಕಿಗೆ ಹೋಗಬೇಕು. ಹಾಗೆ ಹೊಂದಿಸಿ ಕೊಟ್ಟ ದುಡ್ಡಿಗೆ ಬಡ್ಡಿಯಿಲ್ಲ. ಮನೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ನಾವು ಬಿಟ್ಟ ಮನೆಗೆ ಸುಣ್ಣಬಣ್ಣ ಏನೂ ಕಾಣಿಸದೆ ಮುಂದಿನ ವಾರವೇ ಹೊಸಬರು ಬಂದರು. ಹಾಗಾದರೆ ಪೇಂಟಿಂಗ್ ದುಡ್ಡು ಏನಾಯ್ತು ಸಾರ್ ಅಂತ ಕೇಳಿದ್ದಕ್ಕೆ ಮಾಲೀಕರು, “ಅಗ್ರಿಮೆಂಟಲ್ಲಿ ಬರ್ದಿದೀವಲ್ಲಪ್ಪಾ” ಅಂದರು. ಬರೆದಿತ್ತು, ನಿಜ.

ಜರ್ಮನಿಯಲ್ಲಿ ಠೇವಣಿಗೆ ಕಾನೂನೇ ಮಿತಿ ಹಾಕಿದೆ. ಹೀಟಿಂಗು, ನೀರು ಇತ್ಯಾದಿ ಸೇರಿಸದ ಬರೀ ಬಾಡಿಗೆಯ ಮೂರು ಪಟ್ಟು, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗಿದೆ. ಮಾಲೀಕ ಅದನ್ನು ತನ್ನ ದುಡ್ಡಿನ ಜೊತೆ ಬೆರೆಸದೆ ಬೇರೆಯಾಗಿ ಇಡಬೇಕು, ಬಂದ ಬಡ್ಡಿ ಬಾಡಿಗೆದಾರನದು. ಇದನ್ನೆಲ್ಲ ಕೇಳಿ ಹಿಗ್ಗಿ ಹೊಸ ಮನೆಯೊಳಗೆ ಕಾಲಿಟ್ಟರೆ ಅಡುಗೆಮನೆ ಇರುವುದಿಲ್ಲ. ಕೋಣೆಯೇನೋ ಇರುತ್ತದೆ. ಗೋಡೆಯಿಂದ ಹೊರಬಂದ ನೀರಿನ ಪೈಪು, ಒಲೆಗೆಂದು ಬಿಟ್ಟ ದಪ್ಪ ವೈರು, ಅಷ್ಟೇ. ಸಿಂಕ್ ಇಲ್ಲ, ಒಲೆ ಇಲ್ಲ, ಒಂದು ಶೆಲ್ಫೂ ಇಲ್ಲ. ಎಲ್ಲ ಮನೆಗಳೂ ಹೀಗಲ್ಲ, ಆದರೆ ಇಂಥವು ಬೇಕಾದಷ್ಟಿವೆ. ಹಿಂದೆ ಇದ್ದವರು ಅಡುಗೆಮನೆಯನ್ನು ಬಿಚ್ಚಿ ಲಾರಿಗೆ ಏರಿಸಿಕೊಂಡು ಹೋಗಿರುತ್ತಾರೆ, ಇಲ್ಲವೇ ಅದನ್ನು ನಿಮಗೇ ಮಾರಲು ನೋಡುತ್ತಾರೆ. ಮೇಲೆ ನೋಡಿದರೆ ಸೂರಿನಿಂದ ಬರೀ ವೈರು ಇಳಿಬಿದ್ದಿರುತ್ತದೆ, ದೀಪವೂ ನಿಮ್ಮದೇ. ಮೊದಲ ರಾತ್ರಿ ಬಾತ್‌ರೂಮಿನ ನಲ್ಲಿಯಲ್ಲಿ ಪಾತ್ರೆ ತೊಳೆದದ್ದು ನಮ್ಮ ಮನೆಯಲ್ಲಿ ಈಗಲೂ ನಗೆಯ ವಿಷಯ. ಅಡ್ವಾನ್ಸಿನಲ್ಲಿ ಉಳಿಯಿತು ಅಂದುಕೊಂಡಿದ್ದು ಸಿಂಕು, ಒಲೆ, ಫ್ರಿಜ್ಜು, ಕಪಾಟು ಅಂತ ಹೋಯಿತು. ಯಾವ ಸಂಬಳದ ಪತ್ರದಲ್ಲೂ, ಯಾವ ಬಂಧುವಿನ ಉಪದೇಶದಲ್ಲೂ ಈ ಬಾಬತ್ತು ಇರಲಿಲ್ಲ.

ಆಮೇಲೆ ಬರುವುದು ವರ್ಷದ ಕಾಗದ. ಇಲ್ಲಿ ಬಾಡಿಗೆಯ ಜೊತೆ ಪ್ರತಿ ತಿಂಗಳೂ ಇತರ ವೆಚ್ಚಕ್ಕೆಂದು ಅಂದಾಜಿನ ಮೊತ್ತವೊಂದನ್ನು ಕಟ್ಟುತ್ತೇವೆ. ವರ್ಷ ಮುಗಿದ ಮೇಲೆ ಮಾಲೀಕ ನಿಜವಾದ ಖರ್ಚಿನ ಪಟ್ಟಿ ಕಳಿಸಬೇಕು. ಆ ಹಾಳೆ ನೋಡಲು ಚೆನ್ನ. ನಿವೇಶನ ತೆರಿಗೆ, ನೀರು, ಒಳಚರಂಡಿ, ಕಸ, ಕಟ್ಟಡದ ವಿಮೆ, ಮೆಟ್ಟಿಲ ದೀಪ, ಲಿಫ್ಟು, ಚಿಮಣಿ ನೋಡಲು ಬಂದವನ ಶುಲ್ಕ, ಎಲ್ಲ ಸಾಲುಸಾಲಾಗಿ. ಪಕ್ಕದಲ್ಲಿ ಇಡೀ ಕಟ್ಟಡದ ಮೊತ್ತ, ಅದರ ಪಕ್ಕ ನಮ್ಮ ಮನೆಯ ಚದರ ಮೀಟರಿಗೆ ಬಂದ ಪಾಲು. ಹೀಟಿಂಗ್ ಖರ್ಚಿನಲ್ಲಿ ಸಾಮಾನ್ಯವಾಗಿ ಶೇ 50ರಿಂದ 70ರಷ್ಟನ್ನು ಅವರವರು ಬಳಸಿದ್ದಕ್ಕೆ ತಕ್ಕಂತೆ ಹಂಚಬೇಕೆಂಬ ನಿಯಮವಿದೆ. ಅದಕ್ಕೆಂದೇ ಪ್ರತಿ ಹೀಟರಿನ ಎದೆಗೆ ಒಂದು ಪುಟ್ಟ ಬಿಳಿ ಡಬ್ಬಿ ಅಂಟಿಸಿರುತ್ತಾರೆ, ಒಳಗೆ ಅಂಕಿ ಓಡುತ್ತಿರುತ್ತದೆ. ಅನುಮಾನ ಬಂದರೆ ಮೂಲ ಬಿಲ್ಲುಗಳನ್ನೇ ತೋರಿಸಿ ಎಂದು ಕೇಳಬಹುದು. ಲೆಕ್ಕದ ವರ್ಷ ಮುಗಿದು 12 ತಿಂಗಳೊಳಗೆ ಮಾಲೀಕ ಪಟ್ಟಿ ಕಳಿಸದಿದ್ದರೆ, ತಪ್ಪು ಅವನದೇ ಆಗಿದ್ದರೆ, ಬಾಕಿ ಕೇಳುವ ಹಕ್ಕೂ ಹೋಗುತ್ತದೆ.

ಹಾಗಂತ ಈ ಕಾಗದವನ್ನು ಯಾರೂ ಸಂತೋಷದಿಂದ ಒಡೆಯುವುದಿಲ್ಲ. ಚಳಿ ಜಾಸ್ತಿಯಾದ ವರ್ಷ, ಗ್ಯಾಸಿನ ದರ ಏರಿದ ವರ್ಷ, ಕೊನೆಯ ಸಾಲಿನಲ್ಲಿ ಇನ್ನೂ ಇಷ್ಟು ನೂರು ಯೂರೋ ಕೊಡಿ ಎಂದಿರುತ್ತದೆ. ಆ ಚಳಿಗಾಲ ಮರೆತೇ ಹೋಗಿರುತ್ತದೆ, ದುಡ್ಡು ಕೊಡುವುದು ಮಾತ್ರ ಈಗ. ಕರೆಂಟಿನದೂ ಇದೇ ಕಥೆ: ತಿಂಗಳು ತಿಂಗಳು ಅಂದಾಜು ಮೊತ್ತ, ವರ್ಷದ ಕೊನೆಗೆ ಮೀಟರು ಓದಿ ತೀರುವಳಿ. ನಮ್ಮಲ್ಲಿ ತಿಂಗಳಿಗೊಮ್ಮೆ ಮೀಟರ್ ಓದಿ ಅಲ್ಲೇ ಬಿಲ್ ಹರಿದು ಕೊಡುವ ಪದ್ಧತಿಯೇ ನನಗೆ ಮೇಲು ಅನಿಸುತ್ತದೆ. ಈ ತಿಂಗಳ ಗೀಸರಿನ ಪಾಪ ಈ ತಿಂಗಳೇ ಕಣ್ಣಿಗೆ ಬೀಳುತ್ತದೆ. ನಮ್ಮ ಕರೆಂಟ್ ಬಿಲ್ಲಿಗೂ ಅದರದೇ ಚಮಕ್ಕುಗಳಿವೆ ಅನ್ನಿ. ಬಳಕೆ ಹೆಚ್ಚಾಗಿದೆ ಅಂತ ವರ್ಷಕ್ಕೊಮ್ಮೆ ಹೆಚ್ಚುವರಿ ಭದ್ರತಾ ಠೇವಣಿ ಎಂಬ ಸಾಲು ಕಾಣಿಸಿಕೊಳ್ಳುತ್ತದೆ. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿದ್ದ ಮನೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು.

ಸ್ಟುಟ್‌ಗಾರ್ಟ್ ಸೀಮೆಯಲ್ಲಿ ದುಡ್ಡಿನ ಬದಲು ಮೈಮುರಿದು ಕೊಡುವ ಬಾಬತ್ತೂ ಒಂದಿದೆ. ಕಟ್ಟಡದ ಮೆಟ್ಟಿಲು, ಮುಂದಿನ ಕಾಲುದಾರಿ ಗುಡಿಸುವ ಸರದಿ. ನಿಮ್ಮ ವಾರ ಬಂತೆಂದರೆ ಬಾಗಿಲಿಗೆ ಒಂದು ಫಲಕ ನೇತುಬೀಳುತ್ತದೆ. ಗುಡಿಸಿ ಒರೆಸಿ ಪಕ್ಕದ ಮನೆಯ ಬಾಗಿಲಿಗೆ ಅದನ್ನು ದಾಟಿಸಿದರೆ ಮುಗಿಯಿತು. ಅಮ್ಮ ಬಂದಿದ್ದಾಗ ಆ ಫಲಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇಷ್ಟು ವರ್ಷ ಬಾಗಿಲು ಗುಡಿಸಿದ್ನಲ್ಲೋ, ನಂಗ್ಯಾರೂ ಬೋರ್ಡ್ ಹಾಕ್ಲೇ ಇಲ್ಲ” ಅಂದಳು.

ಇನ್ನು ರೇಡಿಯೋ-ಟಿವಿ ಶುಲ್ಕ. ಇದರ ಮೇಲೆ ನನಗೆ ಸಿಟ್ಟು ಇಳಿದಿಲ್ಲ. ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ, ಮೂರು ತಿಂಗಳಿಗೊಮ್ಮೆ ಸೇರಿಸಿ 55.08 ಯೂರೋ ಕೇಳುತ್ತಾರೆ. 2013ರಿಂದ ಇದು ಟಿವಿಗೆ ಅಲ್ಲ, ಮನೆಗೆ. ಟಿವಿ ಇಲ್ಲ ಎಂದಿರಾ? ಇಲ್ಲದಿದ್ದರೆ ಬೇಡ, ಮನೆ ಇದೆಯಲ್ಲ! 2018ರಲ್ಲಿ ಇಲ್ಲಿನ ಸಂವಿಧಾನ ನ್ಯಾಯಾಲಯವೂ ಈ ಶುಲ್ಕ ಸರಿ ಎಂದಿತು. ಎರಡನೇ ಮನೆಯಿದ್ದವರಿಂದ ಎರಡೆರಡು ಸಲ ವಸೂಲು ಮಾಡುವುದು ಮಾತ್ರ ಕೂಡದು ಎಂದಿತು. ನಮ್ಮ ತಾತ ರೇಡಿಯೋ ಲೈಸೆನ್ಸಿಗೆ ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟುತ್ತಿದ್ದರಂತೆ. ಅವರ ಹತ್ತಿರ ಕೊನೇಪಕ್ಷ ರೇಡಿಯೋ ಇತ್ತು.

ಕಡಿಮೆ ದುಡ್ಡಿನ, ಹೆಚ್ಚು ಬೆಲೆಯ ಖರ್ಚು ಅಂದರೆ ಹೊಣೆಗಾರಿಕೆ ವಿಮೆ. ಕೈತಪ್ಪಿ ಬೇರೆಯವರಿಗೆ ಮಾಡಿದ ನಷ್ಟವನ್ನು ತುಂಬುವ ವಿಮೆ ಇದು. ತಿಂಗಳಿಗೆ ಕೆಲವೇ ಯೂರೋ, ಕಡ್ಡಾಯವೂ ಅಲ್ಲ. ಇದ್ಯಾಕೆ ದಂಡ ಅನ್ನುವವರಿಗೆ ಬೀಗದ ಕೈಯ ಕಥೆ ಹೇಳಬೇಕು. ಇಲ್ಲಿನ ಎಷ್ಟೋ ಕಟ್ಟಡಗಳಲ್ಲಿ ಹೊರಬಾಗಿಲು, ನೆಲಮಾಳಿಗೆ, ನಮ್ಮ ಮನೆ, ಎಲ್ಲಕ್ಕೂ ಒಂದೇ ಕೀ. ಅದು ಕಳೆದುಹೋದರೆ ಇಡೀ ಕಟ್ಟಡದ ಬೀಗಗಳನ್ನು ಬದಲಿಸುವ ಪ್ರಸಂಗ ಬಂದು, ಬಿಲ್ ಸಾವಿರಾರು ಯೂರೋ ಆಗಬಹುದು. ಬೆಂಗಳೂರಿನಲ್ಲಿ ಕೀ ಕಳೆದರೆ ರಸ್ತೆ ಬದಿ ಕೀ ಮಾಡುವವನು ಬಂದು ಅರ ಹಿಡಿದು ತಿಕ್ಕಿ ಹತ್ತು ನಿಮಿಷದಲ್ಲಿ ಹೊಸದು ಕೊಡುತ್ತಾನೆ. ಪ್ಲಂಬರನೂ ಅಷ್ಟೇ, ಕೆಲಸ ಮುಗಿಸಿ “ನೋಡ್ಕೊಂಡು ಕೊಡಿ ಸಾರ್” ಅನ್ನುತ್ತಾನೆ. ಇಲ್ಲಿ ಪ್ಲಂಬರ್ ಮನೆಯಿಂದ ಹೊರಟದ್ದಕ್ಕೇ ಒಂದು ದರ, ಆಮೇಲೆ ಗಂಟೆಗೊಂದು ದರ, ಮೇಲೆ ತೆರಿಗೆ. ಜರ್ಮನಿ ದುಬಾರಿ ಎಂದು ಗೊಣಗುವ ನಮ್ಮವರು ಒಂದನ್ನು ಒಪ್ಪಿಕೊಳ್ಳಬೇಕು: ನೋಡಿಕೊಂಡು ಕೊಟ್ಟ ಆ ದುಡ್ಡಿನಲ್ಲಿ ಅವನ ಮಕ್ಕಳ ಜೂನ್ ತಿಂಗಳ ಸ್ಕೂಲ್ ಫೀಸು, ಅವನ ಆಸ್ಪತ್ರೆ ಬಿಲ್ಲು ಲೆಕ್ಕಕ್ಕೆ ಬಂದಿರಲಿಲ್ಲ. ಇಲ್ಲಿನ ಬಿಲ್ಲಿನಲ್ಲಿ ಅವು ಬಂದಿವೆ. ಅದಕ್ಕೇ ಅಷ್ಟು ಉದ್ದ.

ಗುಜರಿಯವನ ವಿಷಯದಲ್ಲಿ ಮಾತ್ರ ನಾನು ಪೂರ್ತಿ ನಮ್ಮೂರ ಪಕ್ಷ. ಹಳೇ ಪೇಪರು, ಮುರಿದ ಕುರ್ಚಿ, ತುಕ್ಕು ಹಿಡಿದ ಸೈಕಲ್ಲು ತೂಗಿ ಕೈಗೆ ಕಾಸು ಕೊಟ್ಟು ಹೋಗುತ್ತಿದ್ದ. ಇಲ್ಲಿ ಕಸದ ಡಬ್ಬಿ ದೊಡ್ಡದಾದಷ್ಟೂ ಶುಲ್ಕ ದೊಡ್ಡದು. ಹಳೇ ಸೋಫಾ ಸಾಗಹಾಕಲು ನಗರಸಭೆಗೆ ಅರ್ಜಿ ಹಾಕಿ, ದಿನ ಗೊತ್ತುಮಾಡಿಕೊಂಡು ಕಾಯಬೇಕು.

ಇಷ್ಟೆಲ್ಲ ಹೇಳಿ, ನಮ್ಮವರಿಗೆ ಲೆಕ್ಕ ಇಡಲು ಬರುವುದಿಲ್ಲ ಅಂದರೆ ಸುಳ್ಳಾಗುತ್ತದೆ. ಹಾಸನದ ಯಾವುದಾದರೂ ಮದುವೆ ಛತ್ರಕ್ಕೆ ಹೋಗಿ ನೋಡಿ. ಆರತಕ್ಷತೆಯ ಸಾಲು ಮುಗಿಯುವಲ್ಲಿ ಮನೆಯ ಹಿರಿಯರೊಬ್ಬರು ನೋಟುಪುಸ್ತಕ ಹಿಡಿದು ಕೂತಿರುತ್ತಾರೆ. ಕವರು ಬಿಚ್ಚಿ, ಎಣಿಸಿ, ಊರು, ಹೆಸರು, 501, 1001 ಅಂತ ಬರೆದುಕೊಳ್ಳುತ್ತಾರೆ. ಆ ಮುಯ್ಯಿ ಪುಸ್ತಕ ಬೀರುವಿನಲ್ಲಿ ಬೆಳ್ಳಿ ಸಾಮಾನಿನ ಜೊತೆ ಕೂರುತ್ತದೆ. ಇಪ್ಪತ್ತು ವರ್ಷ ಕಳೆದು ಅವರ ಮನೆಯಲ್ಲಿ ಮದುವೆಯಾದಾಗ ಪುಟ ತೆಗೆದು ನೋಡಿ, ಅವರು ಆಗ ಹಾಕಿದ್ದಕ್ಕೆ ಮೇಲಷ್ಟು ಸೇರಿಸಿ ಹಾಕುತ್ತಾರೆ. ನಾನಿಲ್ಲಿದ್ದರೂ ನನ್ನ ಹೆಸರಲ್ಲಿ ಅಮ್ಮ ಬರೆಸುತ್ತಲೇ ಇದ್ದಾಳೆ, ಆಮೇಲೆ ಫೋನಿನಲ್ಲಿ ವಸೂಲಿ. ಲಗ್ನದ ತಿಂಗಳುಗಳಲ್ಲಿ ಇದೇನು ಸಣ್ಣ ಖರ್ಚಲ್ಲ. ಆದರೆ ಅಡ್ವಾನ್ಸಿನ ಲೆಕ್ಕ ಕೇಳಿದರೆ ಮುಖ ಸಿಂಡರಿಸುವ ಸಮಾಜವೇ ಮುಯ್ಯಿಯ ಲೆಕ್ಕವನ್ನು ಪೈಸೆ ಬಿಡದೆ ತಲೆಮಾರು ದಾಟಿಸುತ್ತದೆ ಅನ್ನುವುದು ನನಗೆ ಸೋಜಿಗ. ಓಣಿಯ ಹೆಂಗಸರ ತಿಂಗಳ ಚೀಟಿಯೂ ಅಷ್ಟೇ. ಯಾರ ಮಗಳಿಗೆ ಫೀಸು ಕಟ್ಟಬೇಕು, ಯಾರಿಗೆ ಈ ಸಲ ಬಿಟ್ಟುಕೊಡಬೇಕು ಎಂಬುದು ಕೂಗುವ ಮೊದಲೇ ತೀರ್ಮಾನವಾಗಿರುತ್ತದೆ. ನನ್ನ ಜರ್ಮನ್ ನೆರೆಯವರು ಇಂಥ ಅವಘಡಗಳಿಗೆಲ್ಲ ವಿಮೆ ಮಾಡಿಸುತ್ತಾರೆ. ನಮ್ಮಲ್ಲಿ ಜನರನ್ನು ಇಟ್ಟುಕೊಂಡಿರುತ್ತೇವೆ. ಜನರಿಗೂ ಕಂತು ಕಟ್ಟಲೇಬೇಕು: ಗೃಹಪ್ರವೇಶಕ್ಕೆ, ನಾಮಕರಣಕ್ಕೆ, ಹನ್ನೊಂದನೇ ದಿನಕ್ಕೆ.

ಇದರಲ್ಲಿ ಒಂದನ್ನು ಆರಿಸು ಅಂದರೆ ಮನೆಯ ವಿಷಯಕ್ಕೆ ನಾನು ಜರ್ಮನಿಯ ಹಾಳೆಯನ್ನೇ ಆರಿಸುತ್ತೇನೆ. ಬೆಂಗಳೂರಿನ ಮಾಲೀಕರು, ಅಪಾರ್ಟ್‌ಮೆಂಟ್ ಸಂಘಗಳು ಟ್ಯಾಂಕರಿಗೆಷ್ಟು, ಜನರೇಟರಿನ ಡೀಸೆಲ್ಲಿಗೆಷ್ಟು, ಲಿಫ್ಟಿಗೆಷ್ಟು ಅಂತ ಬಾಡಿಗೆದಾರನಿಗೂ ವರ್ಷಕ್ಕೊಂದು ಪಟ್ಟಿ ಕೊಟ್ಟರೆ ಯಾರ ಗಂಟೂ ಹೋಗುವುದಿಲ್ಲ. ಮೇಂಟೆನೆನ್ಸ್ ಕಟ್ಟುವವನು ಅವನು, ಸಭೆಯಲ್ಲಿ ಲೆಕ್ಕ ಕೇಳುವ ಅಧಿಕಾರ ಊರಲ್ಲೇ ಇಲ್ಲದ ಮಾಲೀಕನದು ಎಂಬುದು ಯಾವ ನ್ಯಾಯ?

ನಮ್ಮ ಮನೆಯಲ್ಲಿ ಈಗ ವರ್ಷದ ಖರ್ಚುಗಳನ್ನೆಲ್ಲ ಹನ್ನೆರಡರಿಂದ ಭಾಗಿಸಿ ತಿಂಗಳು ತಿಂಗಳು ಬೇರೆ ಖಾತೆಗೆ ಹಾಕುತ್ತೇವೆ. ಕಾರಿನ ವಿಮೆ, ಚಳಿಗಾಲದ ಟೈರು ಬದಲಾವಣೆ, ರೇಡಿಯೋ ಶುಲ್ಕ, ಅಮ್ಮ ಬರೆಸಿದ ಮುಯ್ಯಿ, ಎಲ್ಲ ಅದರಿಂದಲೇ. ಅದರಲ್ಲಿ ಹೊಂದದೆ ಉಳಿಯುವುದು ಒಂದೇ, ವಿಮಾನದ ಟಿಕೆಟ್ಟು. ಇಲ್ಲಿ ಸರ್ಕಾರಿ ಶಾಲೆಗೆ ಫೀಸಿಲ್ಲ, ಆದರೆ ರಜೆಗೆ ಮೊದಲೇ ಮಕ್ಕಳನ್ನು ಬಿಡಿಸಿಕೊಂಡು ಹೊರಟರೆ ದಂಡ ಬೀಳಬಹುದು. ಹಾಗಾಗಿ ಎಲ್ಲರೂ ಹಾರುವ ದಿನಗಳಲ್ಲೇ, ಎಲ್ಲರೂ ಕೊಡುವ ದರದಲ್ಲೇ ಊರಿಗೆ ಹೋಗಬೇಕು. ರಜೆಯ ಟಿಕೆಟ್ಟಿಗಾದರೂ ಮುಂಚೆಯೇ ಗೊತ್ತಿರುತ್ತದೆ. ಅಪ್ಪನಿಗೆ ಹುಷಾರಿಲ್ಲ ಎಂದು ರಾತ್ರಿ ಫೋನ್ ಬಂದರೆ ಬೆಳಿಗ್ಗೆ ಯಾವ ದರ ಇದೆಯೋ ಅದೇ ದರ. ಅದಕ್ಕೆಂದು ಮೊತ್ತವೊಂದನ್ನು ಮುಟ್ಟದೆ ಇಟ್ಟಿದ್ದೇವೆ. ಮನೆಗೆ ಇನ್ನೂ ಸ್ವಲ್ಪ ದೊಡ್ಡ ಫ್ರಿಜ್ಜು ಬೇಕೆಂಬ ಮಾತು ಬಂದಾಗಲೆಲ್ಲ ನನ್ನ ಕಣ್ಣು ಅದರ ಮೇಲೆ ಬೀಳುತ್ತದೆ, ಹೆಂಡತಿ ಬೇಡ ಅನ್ನುತ್ತಾಳೆ.