ಅರವತ್ನಾಲ್ಕು ಮನೆ ಯಜಮಾನ

ಮೈಸೂರಿನಲ್ಲಿ ಬೀಟೆ ಮರದ ಇನ್‌ಲೇ ಕೆಲಸ ನೋಡಿದ ಮೇಲೆ ಚೆಸ್ ಟೇಬಲ್ಲಿನ ಹುಚ್ಚು ಹತ್ತಿತು. ಬೀಟೆಯನ್ನು ತೋಡಿ, ಬೇರೆ ಬೇರೆ ಬಣ್ಣದ ಮರದ ಚೂರು ಕೂರಿಸಿ, ಆನೆ ಅಂಬಾರಿ ಮೂಡಿಸುತ್ತಾರೆ. ಹಿಂದೆ ದಂತವನ್ನೂ ಕೂರಿಸುತ್ತಿದ್ದರಂತೆ. ಅಂಬಾರಿಯೇ ಬರುವಾಗ ಬರೀ ಚೌಕ ಬರಲ್ವಾ? ನಮ್ಮೂರ ಆಚಾರ್ರಿಗೆ ಹೀಗಂದೆ. ಅವರು ಸುಮ್ನೆ ಎಲೆಗೆ ಸುಣ್ಣ ಹಚ್ಚಿಕೊಂಡರು.

ಕಪ್ಪು ಮನೆಗೆ ಅಟ್ಟದ ಮೇಲಿನ ಮುರುಕು ಬೀಟೆ ಮಂಚ. "ನಿನ್ನಜ್ಜ ಕಣ್ಣು ಮುಚ್ಚಿದ ಮಂಚ ಕಣೋ ಅದು!" ಅಂದರು ಅಮ್ಮ. ಬಿಳಿ ಮನೆಗೆ ಹಲಸು.

64 ಚೌಕವನ್ನು ಯಾರೂ ಒಂದೊಂದಾಗಿ ಕೊಯ್ಯುವುದಿಲ್ಲ. ಕಪ್ಪು ನಾಲ್ಕು, ಬಿಳಿ ನಾಲ್ಕು ಪಟ್ಟಿ ಒಂದರ ಪಕ್ಕ ಒಂದು ಅಂಟಿಸಬೇಕು. ಅಡ್ಡಕ್ಕೆ ಎಂಟು ತುಂಡು ಕೊಯ್ದು, ಒಂದು ಬಿಟ್ಟು ಒಂದನ್ನು ತಿರುಗಿಸಿ ಮತ್ತೆ ಅಂಟಿಸಿದರೆ ಚದುರಂಗ ಎದ್ದು ಬರುತ್ತದೆ. ಗರಗಸ ಮಾತ್ರ ಪ್ರತಿ ಕೊಯ್ತಕ್ಕೂ ತನ್ನ ಪಾಲಿನ ಮರ ತಿನ್ನುತ್ತದೆ. ಅದಕ್ಕೂ ಸೇರಿಸಿ ಪಟ್ಟಿ ಉದ್ದ ಇಡದಿದ್ದರೆ ಚೌಕವೆಲ್ಲ ಇಟ್ಟಿಗೆ. ಆಚಾರ್ರು ಅದನ್ನು ಮೊದಲೇ ಲೆಕ್ಕ ಹಾಕಿದ್ದರು, ಪುಣ್ಯ.

ತಲೆನೋವು ಬಂದಿದ್ದು ಡ್ರಾಯರಿನಿಂದ. ಎರಡು ಕಡೆ ಎರಡು ಡ್ರಾಯರ್, ಒಂದೊಂದು ಸೇನೆಗೆ ಒಂದೊಂದು. ಬೇಸಿಗೆಯಲ್ಲಿ ಬೆರಳು ತಾಗಿಸಿದರೆ ಜಾರುತ್ತಿದ್ದವು. ಮಲೆನಾಡಿನ ಜೂನ್ ಬಂತು ನೋಡಿ, ಮರ ಅಗಲಕ್ಕೆ ಉಬ್ಬಿ ಕಪ್ಪು ಸೇನೆ ಒಳಗೇ ಉಳಿಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಕಾಲಿಡಿಸಿ ಸುತ್ತಿಸಿದ ದೊರೆ. ನಮ್ಮ ಕುದುರೆಗೆ ಲಾಯದ ಬಾಗಿಲೇ ತೆರೆಯಲಿಲ್ಲ. ಹಿಡಿ ಜಗ್ಗಿದೆವು, ಹಿಡಿ ಕೈಗೆ ಬಂತು.

ಆಚಾರ್ರು ಹತ್ತರಿ ಹೊಡೆಯಲು ಸುತರಾಂ ಒಪ್ಪಲಿಲ್ಲ. "ಈಗ ಕೆತ್ತಿದ್ರೆ ಬೇಸಿಗೇಲಿ ಗಡಗಡ ಅನ್ನುತ್ತೆ. ಮಳೆ ಬಿಡಲಿ, ಮೇಣದಬತ್ತಿ ಉಜ್ಜಿ." ನಮ್ಮಲ್ಲಿ ಮಳೆ ಬಿಡುವುದು ಅಂದರೆ ದಸರಾ ಕಳೀಬೇಕು. ಅಲ್ಲಿಯವರೆಗೆ ಅಡಿಕೆಯೇ ಕಾಲಾಳು, ಜಾಯಿಕಾಯಿ ಮಂತ್ರಿ. ಒಂದು ಮಧ್ಯಾಹ್ನ ಅಮ್ಮ ಆಟದ ನಡುವೆ ಎರಡು ಕಾಲಾಳನ್ನು ಎತ್ತಿ ಕತ್ತರಿಸಿ ಬಾಯಿಗೆ ಹಾಕಿಕೊಂಡರು.

ಈಗ ಡ್ರಾಯರ್ ಸರಿಯಿದೆ. ಆದರೆ ಹಲಸು ಹೊಸದರಲ್ಲಿ ಅರಿಶಿನ, ಬರಬರುತ್ತಾ ಕಂದು. ಸಂಜೆ ಕರೆಂಟ್ ಹೋದರೆ ಬಿಳಿ ಮನೆ ಯಾವುದು, ಕಪ್ಪು ಯಾವುದು ಗೊತ್ತಾಗಲ್ಲ. ಮೊನ್ನೆ ಭಾವನ ಬಿಳಿಮನೆ ಒಂಟೆ ಅಂಥದೇ ಹೊತ್ತಲ್ಲಿ ಬೀಟೆ ಮೇಲೆ ಬಂದು ನಿಂತು ನನ್ನ ಆನೆ ಹೊಡೆಯಿತು. ಕೇಳಿದ್ದಕ್ಕೆ, "ಇದು ಹಲಸೇ. ಬೇಕಾದ್ರೆ ಮೂಸಿ ನೋಡು ಮಾರಾಯ" ಅಂದರು.